ಬೀಗದ ಕೈ ಕೊಡಿ

"ಈ ಸಲ ನೀನು ಮನೇಲೇ ಇದ್ದುಬಿಡು. ನಾನೂ ಮಗಳೂ ಹೋಗಿಬರ್ತೀವಿ" ಎಂದ ಗಂಡ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ.

ಪಾಸಕ್ಕ ಪಾತ್ರೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಬಸ್ ನಿಲ್ದಾಣದಲ್ಲಿ ತಿಂಗಳ ಪಾಸು ಕೊಡುವ ಕೌಂಟರು ಅವಳದು. ಹಾಗಾಗಿ ಊರಿಗೆಲ್ಲ ಅವಳು ಪಾಸಕ್ಕ.

"ಯಾಕೆ, ನನ್ನ ಸೈಕಲ್ಲಿಗೆ ಏನಾಗಿದೆ?"

"ಸೈಕಲ್ಲಿಗೆ ಏನೂ ಆಗಿಲ್ಲ, ಆಗೋದು ನಿನಗೆ. ಪ್ರತಿ ವರ್ಷ ಮೊದಲನೇ ದಿನ ನಮಗಿಂತ ಮುಂದೆ ಹೋಗ್ತೀಯ, ಎರಡನೇ ದಿನ ತಲೆನೋವು ಅಂತ ಮಲಗ್ತೀಯ. ನಾವು ಮೇಲಕ್ಕೆ ಹೋದ್ರೂ ಮನಸ್ಸೆಲ್ಲ ಕೆಳಗೇ ಇರುತ್ತೆ. ಬೆಟ್ಟ ನಿನಗೆ ಆಗಿಬರಲ್ಲ ಬಿಡು."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಲಿಫ್ಟ್ ರಿಪೇರಿ ಮಾಡುವವನು ಅವನು. ಲಿಫ್ಟ್ ಕೆಟ್ಟು ನಿಂತ ಕಟ್ಟಡಗಳಿಗೇ ಅವನನ್ನು ಕರೆಯುವುದರಿಂದ ದಿನವೂ ಮೆಟ್ಟಿಲು ಹತ್ತಿ ಅಭ್ಯಾಸ. ಅವನ ಲೆಕ್ಕದಲ್ಲಿ ಬೆಟ್ಟ ಅಂದರೆ ಇನ್ನೊಂದು ಕಟ್ಟಡ. ಆದರೆ ಬೇಸಿಗೆ ರಜೆಯಲ್ಲಿ ಸೈಕಲ್ ಹತ್ತಿ ಬೆಟ್ಟಕ್ಕೆ ಹೋಗುವ ಹುಚ್ಚನ್ನು ಆ ಮನೆಗೆ ಹಿಡಿಸಿದ್ದು ಅವನಲ್ಲ, ಪಾಸಕ್ಕ. ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದವಳು ಅವಳು. ಮಗಳಿಗೆ ಸೀಟು ಹಿಡಿದು ಓಡಿ ಓಡಿ ಕಲಿಸಿದವಳೂ ಅವಳೇ. ಅಷ್ಟಾಗಿಯೂ ಅವಳು 'ಬಾಗಿಲು' ನೋಡಿರಲಿಲ್ಲ. ಎರಡು ಶಿಖರಗಳ ನಡುವೆ ಅರ್ಧ ತೆರೆದ ಬಾಗಿಲಿನ ಹಾಗೆ ಕಾಣುವ ಸಂದಿಗೆ ಮನೆಯವರು ಇಟ್ಟುಕೊಂಡ ಹೆಸರು ಅದು. ಅದರಾಚೆ ಒಂದು ಸರೋವರ ಇದೆಯಂತೆ. ಆ 'ಅಂತೆ'ಯಲ್ಲೇ ವರ್ಷಗಳು ಕಳೆದಿದ್ದವು.

"ನಾನೂ ಬರ್ತೀನಿ" ಎಂದಳು ಪಾಸಕ್ಕ. "ಈ ಸಲವೂ ಬಾಗಿಲು ಮುಟ್ಟದಿದ್ರೆ ನನ್ನ ಸೈಕಲ್ ಮಾರಿಬಿಡಿ. ಮುಂದೆ ಕರೆದ್ರೂ ಬರಲ್ಲ."

ಅವಳು ಆಡಿದ ಮಾತು ಬಿಡುವವಳಲ್ಲ. ಗಂಡ ಅವಳ ಸೈಕಲ್ಲಿನ ಚೈನಿಗೂ ಎಣ್ಣೆ ಬಿಟ್ಟ.

ಆ ವರ್ಷ ಜೊತೆಗೆ ನಾದಿನಿಯೂ ಹೊರಟಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ರೋಗಿಗಳಿಗೆ ಕೇಳುವ ಪ್ರಶ್ನೆಗಳನ್ನು ಊಟಕ್ಕೆ ಕೂತವರಿಗೂ ಕೇಳುವ ಬಾಯಿ ಅವಳದು.

ಬೆಟ್ಟದ ಬುಡದ ಲಾಡ್ಜಿನಿಂದ ಬೆಳಿಗ್ಗೆ ನಾಲ್ಕೂ ಸೈಕಲ್ಲುಗಳು ಹೊರಟವು. ಹೊಳೆಯ ಪಕ್ಕದಲ್ಲಿ ರಸ್ತೆ ನಿಧಾನವಾಗಿ ಏರುತ್ತಿತ್ತು. ಗಾಳಿ ತಂಪಾಗಿತ್ತು, ಬಿಸಿಲು ಚುರುಕಾಗಿತ್ತು. ಒಂದು ಸೇತುವೆಯ ಕಟ್ಟೆಯ ಮೇಲೆ ಕೂತು ಎಲ್ಲರೂ ಬಾಟಲಿ ತೆಗೆದರು. ಗಂಡ ಗಟಗಟ ಕುಡಿದು, ಪಕ್ಕದ ಗೋಡೆಯ ಹಿಂದೆ ಹೋಗಿ ಬಂದ. ಪಾಸಕ್ಕ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ತಿರುಗಿಸಿದಳು.

"ಅತ್ತಿಗೆ, ನಿಮ್ಮ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇದೆಯಲ್ಲ" ಎಂದಳು ನಾದಿನಿ.

"ನನಗೆ ಬಾಯಾರಿಕೇನೇ ಆಗಲ್ಲ. ಆಫೀಸಲ್ಲಿ ನನ್ನನ್ನ ಒಂಟೆ ಅಂತಾನೇ ಕರೀತಾರೆ." ಪಾಸಕ್ಕನ ದನಿಯಲ್ಲಿ ಹೆಮ್ಮೆಯೇ ಇತ್ತು.

"ಒಂಟೆ ನೀರು ಕುಡಿಯೋದು ನೋಡಿದ್ದೀರಾ? ಸಿಕ್ಕಿದ ಕಡೆ ಡ್ರಮ್ಮುಗಟ್ಟಲೆ ಎಳೆಯುತ್ತೆ. ನೀವು ಒಂಟೆ ಅಲ್ಲ ಅತ್ತಿಗೆ, ಒಣಗಿದ ಸ್ಪಂಜು."

ಮಗಳು ಕಿಸಕ್ಕನೆ ನಕ್ಕಳು. ಪಾಸಕ್ಕನೂ ನಕ್ಕಳು, ಆದರೆ ಕುಡಿಯಲಿಲ್ಲ. ಬಾಯಾರಿಕೆ ಆಗಲ್ಲ ಅನ್ನುವುದು ಸುಳ್ಳು. ಅವಳ ಕೌಂಟರಿನಿಂದ ಶೌಚಾಲಯ ದೂರ. ಎದ್ದರೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಅದಕ್ಕೆ ಮನೆಯಿಂದ ಹೊರಡುವಾಗಲೇ ನೀರು ಕುಡಿಯದಿರುವುದನ್ನು ಅವಳು ಕಲಿತಿದ್ದಳು. ದಾರಿ ಪ್ರಯಾಣದಲ್ಲಂತೂ ಕೇಳುವುದೇ ಬೇಡ. ಕುಡಿದರೆ ಹೋಗಬೇಕು. ಹೋಗಲು ಜಾಗ ಬೇಕು. ಜಾಗ ಎಲ್ಲಿ ಅಂತ ಕೇಳಲು ಬಾಯಿ ಬೇಕು. ಕುಡಿಯದಿದ್ದರೆ ಯಾವ ರಗಳೆಯೂ ಇಲ್ಲ.

ರಗಳೆ ಮುಂದಿನ ಏರಿನಲ್ಲಿ ಕಾದಿತ್ತು. ಎಲ್ಲರಿಗಿಂತ ಮುಂದೆ ತುಳಿಯುತ್ತಿದ್ದ ಮಗಳು ಇದ್ದಕ್ಕಿದ್ದ ಹಾಗೆ "ಅಮ್ಮಾ" ಎಂದು ಕೂಗಿ ಸೈಕಲ್ ಸಮೇತ ರಸ್ತೆಯ ಅಂಚಿಗೆ ಉರುಳಿದಳು. ಹೆಲ್ಮೆಟ್ ಇದ್ದದ್ದರಿಂದ ತಲೆ ಉಳಿಯಿತು. ಮೊಣಕೈ ತರಚಿತ್ತು. ಆದರೆ ಅವಳು ಹಿಡಿದುಕೊಂಡು ಒದ್ದಾಡುತ್ತಿದ್ದದ್ದು ಮೀನಖಂಡವನ್ನು. ಕಾಲು ಕಲ್ಲಿನ ಹಾಗೆ ಬಿಗಿದಿತ್ತು.

ನಾದಿನಿ ಕಾಲನ್ನು ನೀಳ ಮಾಡಿ, ಪಾದವನ್ನು ಮೇಲಕ್ಕೆ ಬಾಗಿಸಿ ಹಿಡಿದಳು. ನೋವು ಇಳಿಯುತ್ತಿದ್ದ ಹಾಗೆ ಪ್ರಶ್ನೆ ಶುರುವಾಯಿತು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದೆ?"

"ಒಂದೆರಡು ಗುಟುಕು."

"ಒಂದಕ್ಕೆ ಯಾವಾಗ ಹೋಗಿದ್ದೆ?"

ಮಗಳು ಅಪ್ಪನ ಕಡೆ ನೋಡಿ ತಲೆ ತಗ್ಗಿಸಿದಳು.

"ನಿಮ್ಮಪ್ಪ ಇದನ್ನ ಕೇಳಿ ಸಾಯಲ್ಲ. ಹೇಳು."

"ಎದ್ದ ತಕ್ಷಣ."

"ಬಣ್ಣ?"

"ಅತ್ತೆ, ಸಾಕು."

"ಬಣ್ಣ ಕೇಳಿದ್ದು ನಾನು."

"ಚಹಾ ಥರ ಇತ್ತು."

"ಯಾಕೆ ನೀರು ಕುಡಿಯಲಿಲ್ಲ?"

"ಅಮ್ಮನೇ ಹೇಳಿಕೊಟ್ಟಿದ್ದು. ದಾರೀಲಿ ಕುಡಿದರೆ ಎಲ್ಲರನ್ನೂ ನಿಲ್ಲಿಸಬೇಕಾಗುತ್ತೆ ಅಂತ. ನಾನು ಸ್ಕೂಲಲ್ಲೂ ಹಾಗೇ ಮಾಡೋದು. ಅಲ್ಲಿ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ."

ಪಾಸಕ್ಕ ಮಗಳ ತರಚಿದ ಮೊಣಕೈ ಒರೆಸಿದಳು. ತಾನು ಒಣಗಿದ್ದು ಒಂದು ಮಾತು. ಮಗಳನ್ನೂ ಒಣಗಿಸಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ನನಗೆ ಹೇಳಿದ್ರೆ ನಾನು ನಿಲ್ಲಿಸ್ತಿರಲಿಲ್ವಾ?" ಎಂದ ಗಂಡ.

"ನೀವು ಯಾವ ಗೋಡೆ ಕಂಡ್ರೂ ನಿಲ್ತೀರಿ. ನಾನೆಲ್ಲಿ ನಿಲ್ಲಲಿ? ಇಷ್ಟು ವರ್ಷದಲ್ಲಿ ಒಂದು ಸಲ ಕೇಳಿದ್ದೀರಾ, ನಿನಗೆ ಹೋಗಬೇಕಾ ಅಂತ?" ಎಂದಳು ಪಾಸಕ್ಕ.

ಗಂಡ ಬ್ರೇಕಿನ ತಂತಿಯನ್ನು ಬಹಳ ಗಮನವಿಟ್ಟು ನೋಡತೊಡಗಿದ.

ನಾದಿನಿ ಚೀಲದಿಂದ ಓಆರ್‌ಎಸ್ ಪೊಟ್ಟಣ ತೆಗೆದು ಬಾಟಲಿಗೆ ಕಲಸಿದಳು. "ಇಬ್ಬರೂ ಕೇಳಿ. ಬೆಟ್ಟದಲ್ಲಿ ಗಾಳಿ ತಂಪು, ಬೆವರು ಬಂದ ಹಾಗೇ ಆರಿಹೋಗುತ್ತೆ. ಮೈಯಿಂದ ನೀರು ಹೋಗ್ತಾ ಇರೋದು ಗೊತ್ತೇ ಆಗಲ್ಲ. ಏದುಸಿರಿನಲ್ಲೂ ಹೋಗುತ್ತೆ. ಅದಕ್ಕೆ ಬಾಯಾರಿಕೆ ಆಗಲಿ ಅಂತ ಕಾಯಬಾರದು. ಹಾಗಂತ ಒಂದೇ ಸಲ ಹೊಟ್ಟೆ ತುಂಬಾ ಸುರೀಬಾರದು. ಸ್ವಲ್ಪ ಸ್ವಲ್ಪ, ಆಗಾಗ. ಒಂದಕ್ಕೆ ಹೋದಾಗ ತಿಳಿ ಹಳದಿ ಇದ್ದರೆ ಸರಿ. ಚಹಾ ಬಣ್ಣ ಬಂತು ಅಂದ್ರೆ ಮೈ ಕೂಗ್ತಾ ಇದೆ ಅಂತ."

"ತಡೆದುಕೊಂಡರೆ ಅಷ್ಟೊಂದು ಏನಾಗುತ್ತೆ? ನನಗೆ ಅಭ್ಯಾಸ ಆಗಿಹೋಗಿದೆ" ಎಂದಳು ಪಾಸಕ್ಕ.

"ನಮ್ಮ ವಾರ್ಡಿಗೆ ಬರೋರಿಗೆಲ್ಲ ಅಭ್ಯಾಸ ಆಗಿರುತ್ತೆ ಅತ್ತಿಗೆ. ಟೀಚರುಗಳು, ಅಂಗಡೀಲಿ ನಿಂತು ಕೆಲಸ ಮಾಡೋರು, ನಿಮ್ಮ ಹಾಗೆ ಕೌಂಟರಲ್ಲಿ ಕೂರೋರು. ಉರಿಮೂತ್ರ, ಕಿಡ್ನಿಗೆ ಸೋಂಕು, ಕಲ್ಲು. ಎಲ್ಲರೂ ತಡೆದುಕೊಳ್ಳೋದ್ರಲ್ಲಿ ಜಾಣೆಯರೇ."

"ಹಾಗಾದ್ರೆ ನನ್ನ ತಲೆನೋವು?"

"ಇದೇ ಇರಬಹುದು. ಎಲ್ಲ ತಲೆನೋವೂ ನೀರಿನದಲ್ಲ. ಎತ್ತರಕ್ಕೆ ಹೋದಾಗ ನೀರು ಕುಡಿದು ಕೂತ್ರೂ ಇಳಿಯದಿದ್ರೆ, ವಾಂತಿ ಬಂದ್ರೆ, ಹಟ ಮಾಡದೆ ಕೆಳಗಿಳೀಬೇಕು, ಡಾಕ್ಟರ್ ಹತ್ರ ಹೋಗಬೇಕು. ಆದ್ರೆ ನೀವು ಕುಡಿದು ನೋಡೇ ಇಲ್ವಲ್ಲ."

"ಕುಡೀತೀನಮ್ಮ. ಹೋಗೋದೆಲ್ಲಿ, ಅದನ್ನ ಹೇಳು."

"ಲಾಡ್ಜಲ್ಲಿ ವಿಚಾರಿಸಿಕೊಂಡೇ ಬಂದೆ. ಮುಂದಿನ ತಿರುವಲ್ಲಿ ಚಹಾ ಅಂಗಡಿ ಇದೆ. ಹಿಂದುಗಡೆ ಶೌಚಾಲಯ ಇದೆ."

ಆ ಅಂಗಡಿಯನ್ನು ಪಾಸಕ್ಕ ಪ್ರತಿ ವರ್ಷ ನೋಡಿದ್ದಳು. ಶೌಚಾಲಯವನ್ನೂ ನೋಡಿದ್ದಳು. ಅದಕ್ಕೆ ಬೀಗ. ಕಳೆದುಹೋಗಬಾರದೆಂದು ಬೀಗದ ಕೈಯನ್ನು ಹಿಡಿ ಗಾತ್ರದ ಮರದ ತುಂಡಿಗೆ ಕಟ್ಟಿ, ಅಂಗಡಿಯವನ ತಲೆಯ ಮೇಲಿನ ಮೊಳೆಗೆ ನೇತುಹಾಕಿರುತ್ತಿದ್ದರು. ಅದರ ಮುಂದಿನ ಬೆಂಚುಗಳಲ್ಲಿ ಲಾರಿಯವರು, ಜೀಪಿನವರು, ಬರೀ ಗಂಡಸರು. ಅಷ್ಟು ಜನರ ನಡುವೆ ನಿಂತು ಅದನ್ನು ಕೇಳುವುದಕ್ಕಿಂತ ತಲೆನೋವು ವಾಸಿ ಎಂದುಕೊಂಡು ಅವಳು ಪ್ರತಿ ವರ್ಷ ಮುಂದೆ ಸಾಗಿದ್ದಳು.

ಅವತ್ತು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

"ನಾನು ಕೇಳ್ಲಾ?" ಎಂದಳು ನಾದಿನಿ.

"ಬೇಡ."

ಬಸ್ ನಿಲ್ದಾಣದ ಗದ್ದಲದ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು ಅದು. "ಶೌಚಾಲಯದ ಬೀಗದ ಕೈ ಕೊಡಿ" ಎಂದಳು ಪಾಸಕ್ಕ. ಅಂಗಡಿಯ ಮೂಲೆಮೂಲೆಗೂ ಕೇಳಿಸಿತು.

ಏನೂ ಆಗಲಿಲ್ಲ. ಯಾರೂ ನಗಲಿಲ್ಲ. ಒಬ್ಬ ಲಾರಿಯವನು ದಾರಿ ಬಿಡಲು ಕಾಲು ಮಡಚಿಕೊಂಡ. ಅಂಗಡಿಯವನು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಲೇ ಕೈ ಮೇಲೆತ್ತಿ ಮರದ ತುಂಡನ್ನು ತೆಗೆದುಕೊಟ್ಟ. "ಬಕೆಟ್ ತೊಟ್ಟಿ ಹತ್ರ ಇದೆ, ತುಂಬಿಸ್ಕೊಂಡು ಹೋಗಿ" ಎಂದ.

ಅಷ್ಟೇ. ಇಷ್ಟು ವರ್ಷ ಹೆದರಿದ್ದು ಇದಕ್ಕೆ.

ಅವಳು ಹೊರಗೆ ಬಂದಾಗ ಮಗಳು ಕಾಯುತ್ತಿದ್ದಳು. ಮಗಳ ಹಿಂದೆ ಕಾರಿನಿಂದ ಇಳಿದ ಹೆಂಗಸೊಬ್ಬಳು, ಅವಳ ಹಿಂದೆ ಅವಳ ಅತ್ತೆ, ಆಮೇಲೆ ಜೀಪಿನಲ್ಲಿ ಮುದುಡಿ ಕೂತಿದ್ದ ಇಬ್ಬರು ಕಾಲೇಜು ಹುಡುಗಿಯರು. ಎಲ್ಲರೂ ಕೇಳುವವರು ಯಾರಾದರೂ ಬರಲಿ ಎಂದು ಕಾಯುತ್ತಿದ್ದವರೇ.

"ಅಕ್ಕಾ, ಕೀ ನಮಗೂ ಕೊಡಿ" ಎಂದಳು ಕಾರಿನವಳು.

ಪಾಸಕ್ಕನಿಗೆ ಸಾಲು ಕಂಡರೆ ಸುಮ್ಮನಿರಲು ಬಾರದು. "ನೂಕಬೇಡಿ, ಸಾಲಾಗಿ ಬನ್ನಿ, ಎಲ್ಲರಿಗೂ ಸಿಗುತ್ತೆ" ಎಂದು ಬಾಗಿಲ ಪಕ್ಕ ನಿಂತೇಬಿಟ್ಟಳು. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಅವಳು ನಿಶ್ಚಿಂತೆಯಿಂದ ಬಾಟಲಿ ಎತ್ತಿ ಕುಡಿದಳು.

ಅಂದು ಮಗಳ ಕಾಲಿಗೆ ಭಾರ ಬೀಳದಂತೆ ಏರಿನಲ್ಲಿ ಸೈಕಲ್ ತಳ್ಳಿಕೊಂಡೇ ನಡೆದರು. ಸಂಜೆ ಮೇಲಿನ ವಸತಿಗೃಹದಲ್ಲಿ ಗಂಡ ಮತ್ತೆ ಮತ್ತೆ ಹೆಂಡತಿಯ ಮುಖ ನೋಡುತ್ತಿದ್ದ.

"ತಲೆ?"

"ಜಾಗದಲ್ಲೇ ಇದೆ" ಎಂದಳು ಪಾಸಕ್ಕ. "ಅನ್ನ ಬಡಿಸಿ."

ಮರುದಿನ ಸೈಕಲ್ಲುಗಳನ್ನು ವಸತಿಗೃಹದಲ್ಲೇ ಬಿಟ್ಟು ಕಾಲ್ದಾರಿ ಹಿಡಿದರು. ಅಲ್ಲಿ ಅಂಗಡಿಯೂ ಇಲ್ಲ, ಬೀಗವೂ ಇಲ್ಲ. ನಾದಿನಿ ಒಂದು ಹಳೆಯ ಬೆಡ್‌ಶೀಟ್ ತಂದಿದ್ದಳು. ಅದನ್ನು ಅಗಲದ ಲಂಗದ ಹಾಗೆ ಹೊಲಿದು ಸೊಂಟಕ್ಕೆ ಲಾಡಿ ಹಾಕಿದ್ದಳು. "ಬಟ್ಟೆ ಮೇಲೆ ಇದನ್ನ ಕಟ್ಕೊಳ್ಳಿ. ಕೂತ್ರೆ ಸುತ್ತ ಡೇರೆ ಇದ್ದ ಹಾಗೆ. ಯಾವ ದಿಕ್ಕಿಂದ ಯಾರು ಬಂದ್ರೂ ಚಿಂತೆ ಇಲ್ಲ. ಹೊಳೆಯಿಂದ, ದಾರಿಯಿಂದ ದೂರ ಹೋಗಿ. ಕಾಗದ, ಪ್ಯಾಡು ಅಲ್ಲಿ ಬಿಸಾಡಬೇಡಿ, ಈ ಕವರಿಗೆ ಹಾಕಿ ವಾಪಸ್ ತನ್ನಿ. ಎರಡಕ್ಕೆ ಬಂದ್ರೆ ಗುಂಡಿ ತೋಡಿ ಮುಚ್ಚಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ನೀನು ಕೆಳಗೆ ದಾರೀಲಿ ಬೆನ್ನು ತಿರುಗಿಸಿ ನಿಲ್ಲು. ಯಾರಾದ್ರೂ ಬಂದ್ರೆ ತಡಿ."

"ತಡೆದು ಏನು ಹೇಳ್ಲಿ?"

"ಲಿಫ್ಟ್ ರಿಪೇರೀಲಿದೆ, ಐದು ನಿಮಿಷ ಅನ್ನು. ನಿನಗೆ ಅಭ್ಯಾಸ ಇದೆಯಲ್ಲ."

ಅವನು ಹೋಗಿ ಬೆನ್ನು ತಿರುಗಿಸಿ ನಿಂತ. ಮತ್ತೊಮ್ಮೆ ಅವನೇ ಮುಂದಾಗಿ ಕೇಳಿದ, "ಇಲ್ಲೊಂದು ಒಳ್ಳೆ ಬಂಡೆ ಇದೆ. ಯಾರಿಗಾದ್ರೂ ಹೋಗಬೇಕಾ?" ಪಾಸಕ್ಕ ನಗು ತಡೆಯಲಾರದೆ ಅಲ್ಲೇ ಕೂತಳು.

ಕೊನೆಯ ಏರು ಕಡಿದಾಗಿತ್ತು. ಕಾಲಡಿಯ ಜಲ್ಲಿ ಜಾರುತ್ತಿತ್ತು. ನಾಲ್ಕು ಹೆಜ್ಜೆ, ಒಂದು ಗುಟುಕು, ಮತ್ತೆ ನಾಲ್ಕು ಹೆಜ್ಜೆ. ಪ್ರತಿ ವರ್ಷ ಈ ಹೊತ್ತಿಗೆ ಕಣ್ಣು ಬಿಡಲಾಗದೆ ಮಲಗಿರುತ್ತಿದ್ದವಳಿಗೆ ಈಗ ಕಣ್ಣು, ಕಿವಿ, ಕಾಲು ಎಲ್ಲವೂ ತನ್ನವೇ ಎನಿಸುತ್ತಿತ್ತು. ಗಂಡ ಏದುಸಿರು ಬಿಡುತ್ತಾ ಹಿಂದೆ ಬಿದ್ದ. ಮಗಳು "ಅಮ್ಮಾ, ನಿಧಾನ" ಎಂದಳು. ಪಾಸಕ್ಕ ನಿಲ್ಲಲಿಲ್ಲ. ಎರಡು ಬಂಡೆಗಳ ನಡುವೆ ಗಾಳಿ ಮುಖಕ್ಕೆ ರಪ್ಪನೆ ಹೊಡೆಯಿತು. ಬಾಗಿಲು ದಾಟಿದ್ದಳು.

ಆಚೆ ಸರೋವರ ಇತ್ತು. ಅದು ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಆದರೆ ಅದರ ನೀಲಿಯನ್ನು ಮಗಳ ಫೋನಿನ ಯಾವ ಫೋಟೋವೂ ಅವಳಿಗೆ ತೋರಿಸಿರಲಿಲ್ಲ. ವಸತಿಗೃಹದ ಕಡೆಯಿಂದ ಬೆಟ್ಟ ಬಳಸಿ ಬಂದ ರಸ್ತೆಯೊಂದು ಸರೋವರದ ಅಂಚಿನಲ್ಲಿ ಬಿಳಿಯ ದಾರದಂತೆ ಸುತ್ತಿ ಸುತ್ತಿ ಇಳಿಯುತ್ತಿತ್ತು.

ಉಳಿದವರು ಬಂದು ಸೇರುವಷ್ಟರಲ್ಲಿ ಅವಳು ಬಂಡೆಯ ಮೇಲೆ ಕಾಲು ಚಾಚಿ ಕೂತಿದ್ದಳು.

"ನಾಳೆ ಸೈಕಲ್ ತಗೊಂಡು ಆ ರಸ್ತೇಲಿ ಇಳಿಯೋಣ" ಎಂದಳು.

"ನಾಳೆ ವಾಪಸ್ ಹೋಗೋದಲ್ವಾ?" ಎಂದ ಗಂಡ, ಇನ್ನೂ ಸುಧಾರಿಸಿಕೊಳ್ಳುತ್ತಾ.

"ನಿಮಗೆ ಸುಸ್ತಾಗಿದ್ರೆ ರೂಮಲ್ಲಿ ಮಲಗಿರಿ. ನಾವು ಮೂವರೂ ಹೋಗಿಬರ್ತೀವಿ."

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ನಾಲ್ಕೂ ಸೈಕಲ್ಲುಗಳು ಆ ರಸ್ತೆಯಲ್ಲಿ ಇಳಿದವು. ಎಲ್ಲರಿಗಿಂತ ಮುಂದೆ ಹೋದದ್ದು ಯಾರು ಎಂದು ಹೇಳಬೇಕಾಗಿಲ್ಲ.

ಅಕ್ಕ ತಂಗಿಯರೇ, ಇದನ್ನು ಓದುತ್ತಿರುವ ಅಥವಾ ಕೇಳುತ್ತಿರುವ ನಿಮ್ಮಲ್ಲಿ ಎಷ್ಟು ಜನ ಇವತ್ತು ಹೊರಗೆ ಹೋಗಬೇಕೆಂದು ಬೆಳಿಗ್ಗೆಯಿಂದ ನೀರು ಕುಡಿಯದೆ ಇದ್ದೀರಿ? ಅದು ಜಾಣತನವಲ್ಲ, ಕಾಯಿಲೆಗೆ ಕೊಡುವ ಮುಂಗಡ. ಪ್ರಯಾಣವಿರಲಿ, ಬೆಟ್ಟವಿರಲಿ, ಕೆಲಸವಿರಲಿ, ನೀರು ಕುಡಿಯಿರಿ. ಹೋಗಬೇಕೆನಿಸಿದಾಗ ಹೋಗಿ. ಎಲ್ಲಿ ಎಂದು ಬಾಯಿಬಿಟ್ಟು ಕೇಳಿ. ನಿಮ್ಮ ಹೆಣ್ಣುಮಕ್ಕಳ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ ಎಂದು ಹೋಗಿ ನೋಡಿ, ಇಲ್ಲದಿದ್ದರೆ ಹಾಕಿಸುವ ತನಕ ಬಿಡಬೇಡಿ.

ಅಣ್ಣ ತಮ್ಮಂದಿರೇ, ನಿಮಗೂ ಒಂದು ಕೆಲಸವಿದೆ, ಸುಲಭದ್ದು. ಮನೆಯವರ ಜೊತೆ ಹೊರಟಾಗ ಚಹಾ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಮೊದಲು ಶೌಚಾಲಯ ಎಲ್ಲಿದೆ ಎಂದು ವಿಚಾರಿಸಿ. ಇದ್ದ ಕಡೆ ಗಾಡಿ ನಿಲ್ಲಿಸಿ. ಅವರಾಗಿಯೇ ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.