ಅರ್ಧ ಬ್ರೆಡ್ಡಿನ ಗಿರಾಕಿ

"ಹೂಂ, ಅರ್ಧ ಕೊಡಿ," ಎಂದ ಆರ್ಮೆಲ್, ಹನ್ನೊಂದನೆಯ ಸಲ.

ಹ್ಯುಗೆಟ್‌ಳ ಕೈ ಸುಮ್ಮನಿರಬೇಕಲ್ಲ! ಇಪ್ಪತ್ತಾರು ವರ್ಷದಿಂದ ಬೇಕರಿಯ ಈ ಕಟ್ಟೆಯ ಹಿಂದೆ ನಿಂತ ಕೈ ಅದು. ಅರ್ಧ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಚಾಕು ಇಳಿದುಬಿಡುತ್ತದೆ. ಉದ್ದನೆಯ ಬಾಗೆಟ್ ಬ್ರೆಡ್ಡು ನಡುವಿಗೆ ಸರಿಯಾಗಿ ಎರಡು ಹೋಳಾಯಿತು.

"ಕಟ್!" ಬಾಗಿಲ ಬಳಿಯಿಂದ ನಿರ್ದೇಶಕಿ ಕ್ಲೆಮಾನ್ಸ್ ಕೂಗಿದಳು. ಈ ಸರಣಿಯ ಮೊದಲ ಆರು ಸಿನಿಮಾ ತೆಗೆದ ಮುದುಕ ನಿರ್ದೇಶಕ ತೀರಿಕೊಂಡಿದ್ದ. ಈ ಏಳನೆಯದು, ಕೊನೆಯದು, ಮೂವತ್ತನಾಲ್ಕರ ಈ ಹುಡುಗಿಯ ತಲೆಗೆ ಬಂದಿತ್ತು. "ಆರ್ಮೆಲ್, 'ಇಲ್ಲ, ಪೂರ್ತಿ ಒಂದು' ಅನ್ಬೇಕು. ಇಷ್ಟೇ ಮಾತು! ನನಗೆ ಹುಚ್ಚು ಹಿಡಿಸ್ಬೇಡಿ. ಹತ್ತು ನಿಮಿಷ ಬಿಡುವು, ಎಲ್ರಿಗೂ."

ಒಳಗಿನ ಒಲೆಮನೆಯಿಂದ ಹ್ಯುಗೆಟ್‌ಳ ಗಂಡ ಮಾರ್ಸಿಯಾಲ್ ಕೆಮ್ಮುತ್ತಾ ತಲೆ ಹೊರಗೆ ಹಾಕಿದ. "ಹನ್ನೊಂದಾಯ್ತು ಕಣೇ! ನಾನು ಸುಟ್ಟಿದ್ದು ತಿನ್ನೋಕೆ, ಹೋಳು ಮಾಡಿ ರಾಶಿ ಹಾಕೋಕಲ್ಲ."

"ನನ್ನನ್ಯಾಕೆ ಬೈತೀರಿ? ಆ ಮಹಾನುಭಾವನನ್ನ ಕೇಳಿ."

ಈ ಊರಲ್ಲಿ ಒಂಟಿ ಜನ ಅರ್ಧ ಬಾಗೆಟ್ ಕೊಳ್ಳುತ್ತಾರೆ. ಇಡೀ ದೇಶದಲ್ಲಿ ಹಾಗೆಯೇ. ಪೂರ್ತಿ ಒಯ್ದರೆ ಸಂಜೆಗೆ ಒಣಗಿ ಕಟ್ಟಿಗೆಯಾಗುತ್ತದೆ. ಇದನ್ನೇ ಹಿಡಿದು ಆ ಮುದುಕ ಮೊದಲ ಸಿನಿಮಾ ಕಟ್ಟಿದ್ದ. ನಾಯಕ, ಅಂದರೆ ಆರ್ಮೆಲ್, ಪ್ರೇಯಸಿಯ ಜೊತೆ ಜಗಳವಾಡಿಕೊಂಡು ಒಂಟಿಯಾಗಿ ಬೇಕರಿಗೆ ಬರುತ್ತಾನೆ. ಬೇಕರಿಯವಳು ಅವನ ಮುಖ ನೋಡಿ, "ಅರ್ಧ ತಾನೆ?" ಎನ್ನುತ್ತಾಳೆ. ಆರು ಸಿನಿಮಾದಲ್ಲೂ ಅದೇ ಅಂಗಡಿ, ಅದೇ ಹ್ಯುಗೆಟ್, ಅದೇ ಎರಡು ಮಾತು. ಸಂತೆಗೆ ಹೋದರೆ ಮೀನಿನವನೂ ಅವಳಿಗೆ "ಅರ್ಧ ತಾನೆ?" ಎಂದು ರೇಗಿಸುತ್ತಾನೆ. ಈ ಕೊನೆಯದರಲ್ಲಿ ಮಾತ್ರ ನಾಯಕ "ಇಲ್ಲ, ಪೂರ್ತಿ ಒಂದು" ಎಂದು ಹೇಳಿ, ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗಬೇಕು. ಅಲ್ಲಿಗೆ ಶುಭಂ.

ಆದರೆ ಬೀದಿ ಮುಚ್ಚಲು ಪುರಸಭೆ ಕೊಟ್ಟ ಅನುಮತಿ ನಾಲ್ಕು ಗಂಟೆಯವರೆಗೆ ಮಾತ್ರ. ಅಷ್ಟರೊಳಗೆ ಆಗದಿದ್ದರೆ ರೈಲು ನಿಲ್ದಾಣದ ದೃಶ್ಯಕ್ಕೇ ಸಿನಿಮಾ ಮುಗಿಸುತ್ತೇನೆ, ಬೇಕರಿ ಇಲ್ಲದೆಯೂ ನಡೆಯುತ್ತದೆ ಎಂದು ಕ್ಲೆಮಾನ್ಸ್ ಮಧ್ಯಾಹ್ನವೇ ಹೇಳಿದ್ದಳು. ನಡೆಯುತ್ತದಂತೆ! ಹ್ಯುಗೆಟ್‌ಗೆ ಮೈ ಉರಿದುಹೋಗಿತ್ತು. ಮಾರ್ಸಿಯಾಲ್‌ನ ಶ್ವಾಸಕೋಶಕ್ಕೆ ಹಿಟ್ಟಿನ ದೂಳು ಹಿಡಿದು, ಒಲೆಯ ಹತ್ತಿರ ಸುಳಿಯಬಾರದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಶನಿವಾರ ಒಲೆ ಆರಿಸುವುದೆಂದು ತೀರ್ಮಾನವಾಗಿತ್ತು. ಅಂಗಡಿ ವಹಿಸಿಕೊಳ್ಳಲು ಯಾರೂ ಸಿಕ್ಕಿರಲಿಲ್ಲ. ಅವನ ಕೈಯ ಬ್ರೆಡ್ಡು ಎಲ್ಲಾದರೂ ಇಡಿಯಾಗಿ ಉಳಿಯುವುದಿದ್ದರೆ ಈ ಒಂದು ದೃಶ್ಯದಲ್ಲಿ.

ಹೊರಗಿನಿಂದ ಯಾರೋ ಕೊಡೆಯ ತುದಿಯಿಂದ ಗಾಜು ಕುಟ್ಟಿದರು. ಇನ್ಯಾರು, ಮದಾಮ್ ಫುಕ್ರೋ. ಗಂಡ ಸತ್ತ ಒಂಬತ್ತು ವರ್ಷದಿಂದ ದಿನವೂ ಅರ್ಧ ಕೊಳ್ಳುತ್ತಾಳೆ, ದಿನವೂ ಅರ್ಧಕ್ಕಿಂತ ಕಮ್ಮಿ ಇದೆಯೆಂದು ಗೊಣಗುತ್ತಾಳೆ. ಹ್ಯುಗೆಟ್ ಯಾರಿಗೂ ಒಂದು ಬೆರಳು ಹೆಚ್ಚು ಕೊಟ್ಟವಳಲ್ಲ, ಕಮ್ಮಿ ಕೊಟ್ಟವಳೂ ಅಲ್ಲ.

"ಸಿನಿಮಾ ಮುಗೀಲಿ ಮದಾಮ್!" ಎಂದು ಗಾಜಿನ ಈಚೆಯಿಂದಲೇ ಕಿರುಚಿ ಅವಳು ಆರ್ಮೆಲ್‌ನತ್ತ ತಿರುಗಿದಳು. ಅವನು ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಿದ್ದ. ಅರವತ್ತೊಂದು ವಯಸ್ಸು. ಬಣ್ಣ ಬಳಿದ ಕೂದಲು, ಅದರ ಕೆಳಗೆ ಸೋತ ಮುಖ.

"ಏನ್ರೀ ಆರ್ಮೆಲ್, ಕುಡ್ಕೊಂಡು ಬಂದಿದೀರಾ?"

"ಇಲ್ಲ ಮಾರಾಯ್ತಿ."

"ಮತ್ತೇನು ರೋಗ ನಿಮಗೆ? ಶಾಲೆ ಮಕ್ಕಳು ಹೇಳ್ತವೆ ಆ ಮಾತು."

ಅವನು ಬೂಟಿಗೆ ಹತ್ತಿದ ಹಿಟ್ಟನ್ನು ಒರೆಸುತ್ತಾ ಕೂತ. ಆಮೇಲೆ ಹೇಳಿದ: "ಸೊಲೀನ್ ಬಿಟ್ಟು ಹೋದ್ಲು. ಐದು ತಿಂಗಳಾಯ್ತು. ದಿನಾ ಬೆಳಗ್ಗೆ ನಮ್ಮ ಬೀದಿ ಬೇಕರೀಲಿ ನಿಂತು ಅರ್ಧ ಅಂತೀನಿ. ಬಾಯಿಗೆ ಅದೇ ಕೂತುಬಿಟ್ಟಿದೆ. ಪೂರ್ತಿ ಅನ್ನೋಕೆ ಹೋದ್ರೆ ಸುಳ್ಳು ಹೇಳ್ದಂಗಾಗುತ್ತೆ ಹ್ಯುಗೆಟ್."

"ನಟ ಅಲ್ವೇನ್ರೀ ನೀವು? ಸುಳ್ಳು ಹೇಳೋದೇ ತಾನೆ ಕಸುಬು?"

"ಇಪ್ಪತ್ತಾರು ವರ್ಷ ಚೆನ್ನಾಗೇ ಹೇಳ್ದೆ."

ಅಯ್ಯೋ ಪಾಪ ಎನಿಸಿತು, ನಿಜ. ಆದರೆ ಸಿಟ್ಟೂ ಇಳಿಯಲಿಲ್ಲ. ಗೋಳು ಹೇಳಿಕೊಳ್ಳಲು ಇವನಿಗೆ ಸಿಕ್ಕಿದ್ದು ಇವತ್ತೇ ಏನು? "ಒಳಗೆ ಕೆಮ್ತಿರೋದು ಕೇಳಿಸ್ತಿದೆಯಾ?" ಎಂದಳು. "ಶನಿವಾರದಿಂದ ಅವರು ಒಲೆ ಮುಟ್ಟಂಗಿಲ್ಲ. ಅವರ ಬ್ರೆಡ್ಡು ಪರದೆ ಮೇಲೆ ಒಂದ್ಸಲ ಇಡಿಯಾಗಿ ಕಾಣ್ಲಿ ಅಂತ ನನ್ನಾಸೆ. ಆರು ಸಿನಿಮಾದಲ್ಲೂ ಹೋಳು ಮಾಡಿದ್ದೇ ಆಯ್ತು. ಹೆಂಡತಿ ಹೋದ್ಲು ಅಂತ ನನ್ನ ಗಂಡನ ಬ್ರೆಡ್ಡಿನ ಮೇಲೆ ಸೇಡು ತೀರಿಸ್ಕೋಬೇಡಿ."

ಆರ್ಮೆಲ್ ತಲೆ ತಗ್ಗಿಸಿದ. "ನನಗೆ ಗೊತ್ತಿರಲಿಲ್ಲ," ಎಂದ.

ನಾಲ್ಕಕ್ಕೆ ಹದಿಮೂರು ನಿಮಿಷವಿತ್ತು. ಇದೇ ಕೊನೆಯದು ಎಂದು ಕ್ಲೆಮಾನ್ಸ್ ಸಾರಿದಳು. ಬಾಗಿಲ ಗಂಟೆ ಟಿಣ್ ಎಂದಿತು. ಆರ್ಮೆಲ್ ಒಳಗೆ ಬಂದು ಕಟ್ಟೆಯ ಮುಂದೆ ನಿಂತ.

"ಅರ್ಧ ತಾನೆ?"

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಆ ತುಟಿ ಎತ್ತ ಹೊರಟಿದೆಯೆಂದು ಹ್ಯುಗೆಟ್‌ಗೆ ಸ್ಪಷ್ಟವಾಗಿ ಕಂಡಿತು. ಹನ್ನೆರಡನೆಯದೂ ಹಾಳಾಗುತ್ತದೆ! ಅವಳು ಚಾಕುವನ್ನು ಹಲಗೆಯ ಮೇಲೆ ಕುಕ್ಕಿ ಇಟ್ಟಳು.

"ಸಾಕು, ಬಾಯಿ ಮುಚ್ಚಿ! ಅರ್ಧ ಗಿರ್ಧ ಏನೂ ಇಲ್ಲ ಇವತ್ತು. ಪೂರ್ತಿ ತಗೊಂಡು ಹೋಗಿ. ತಿನ್ನೋಕೆ ಯಾರೂ ಬರ್ಲಿಲ್ಲ ಅಂದ್ರೆ ನಾಳೆ ಬಂದು ನನ್ನ ಹತ್ರ ಜಗಳ ಆಡಿ."

ಬಾಗೆಟ್‌ನ ನಡುವಿಗೆ ಕಾಗದ ಸುತ್ತಿ ಅವನ ಎದೆಗೆ ಒತ್ತಿದಳು. ಆರ್ಮೆಲ್ ಬೆರಗಾಗಿ ನಿಂತ. ಆಮೇಲೆ ನಕ್ಕುಬಿಟ್ಟ, ಕಣ್ಣಲ್ಲಿ ನೀರು ಬರುವಷ್ಟು. ಊರಿನವರೆಲ್ಲ ಮಾಡುವಂತೆ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು, ಅಗಿಯುತ್ತಾ ಬೀದಿಗಿಳಿದ. ಕ್ಲೆಮಾನ್ಸ್ ಕಟ್ ಹೇಳುವುದನ್ನೇ ಮರೆತಿದ್ದಳು.

"ಇದನ್ನ ಬರೆದಿರಲಿಲ್ಲ," ಎಂದಳು ಕೊನೆಗೆ.

"ಬರೆದೋರು ಬ್ರೆಡ್ಡು ಮಾರಿದ್ದಾರಾ?"

"ಇರ್ಲಿ ಬಿಡಿ. ಇದನ್ನೇ ಇಟ್ಕೋತೀನಿ," ಎಂದು ಹೇಳಿ ಕ್ಲೆಮಾನ್ಸ್ ಹಿಟ್ಟಿನ ಚೀಲದ ಮೇಲೆ ಕೂತು ಮುಖ ಒರೆಸಿಕೊಂಡಳು. ಒಲೆಮನೆಯ ಬಾಗಿಲಲ್ಲಿ ಮಾರ್ಸಿಯಾಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಮರುದಿನ ಬೆಳಗ್ಗೆ ಏಳೂವರೆಗೆ ಸಾಲಿನಲ್ಲಿ ಮದಾಮ್ ಫುಕ್ರೋಳ ಹಿಂದೆ ಆರ್ಮೆಲ್ ನಿಂತಿದ್ದ. ಮುಖಕ್ಕೆ ಬಣ್ಣವಿಲ್ಲ, ಕ್ಷೌರವಿಲ್ಲ, ಮುದುಡಿದ ಕೋಟು. ಮುದುಕಿ ತನ್ನ ಅರ್ಧ ಪಡೆದು, ಅದನ್ನು ತಿರುಗಿಸಿ ಮುರುಗಿಸಿ ಅಳೆದು, ಅವನಿಗೆ ಜಾಗ ಬಿಟ್ಟಳು.

"ಜಗಳ ಆಡೋಕೆ ಬಂದ್ರಾ?" ಎಂದು ಕೇಳಿದಳು ಹ್ಯುಗೆಟ್.

"ಇಲ್ಲ. ಅರ್ಧ ಕೊಡಿ."

ಹ್ಯುಗೆಟ್ ಅವನ ಮುಖ ನೋಡಿದಳು. ಬಿಸಿ ಬಾಗೆಟ್ ತೆಗೆದು ಹಲಗೆಯ ಮೇಲಿಟ್ಟಳು. ಚಾಕು ನಡುವಿಗೆ ಸರಿಯಾಗಿ ಬಂದು ನಿಂತಿತು. ಅಲ್ಲಿಂದ ಅದನ್ನು ನಾಲ್ಕು ಬೆರಳು ಆಚೆ ಸರಿಸಿ ಕತ್ತರಿಸಿದಳು.

"ಇದೇನ್ ಅನ್ಯಾಯ!" ಮದಾಮ್ ಫುಕ್ರೋ ಬಾಗಿಲಿನಿಂದ ವಾಪಸ್ ಬಂದಳು. "ಒಂಬತ್ತು ವರ್ಷದಿಂದ ಬರ್ತಿದೀನಿ. ಅದು ಅರ್ಧವಾ?"

"ಅರ್ಧವೇ," ಎನ್ನುತ್ತಾ ಹ್ಯುಗೆಟ್ ಉದ್ದನೆಯ ತುಂಡಿಗೆ ಕಾಗದ ಸುತ್ತಿದಳು. ಗೇಣುದ್ದದ ಇನ್ನೊಂದು ತುಂಡು ಹಲಗೆಯ ಮೇಲೆ ಹಬೆಯಾಡುತ್ತಿತ್ತು.