ಗೀರಿನಲ್ಲಿ ಕಾಣದ ತುಕ್ಕು

ನಮ್ಮ ವರ್ಕ್‌ಶಾಪಿನ ಹಿಂದಿನ ಗೋಡೆಯಲ್ಲಿ ಎರಡು ಕಬ್ಬಿಣದ ತಗಡು ನೇತಾಡುತ್ತಿದ್ದವು. ಒಂದಕ್ಕೆ ನನ್ನ ಗಂಡ ಇಷ್ಟು ವರ್ಷ ಗೇಟು, ಕಿಟಕಿ ಸರಳುಗಳಿಗೆ ಹೊಡೆದ, ತುಕ್ಕು ತಡೆಯುವ ಹಳೇ ಕೆಂಪು ಪ್ರೈಮರ್. ಇನ್ನೊಂದಕ್ಕೆ ನನ್ನ ತಮ್ಮ ಮಾರುವ ಹೊಸ ಬಣ್ಣ: ಗಿಡದ ಎಣ್ಣೆಯಿಂದ ಮಾಡಿದ್ದು, ನೀರಿನಲ್ಲಿ ಕಲಸುವಂಥದ್ದು, ಥಿನ್ನರ್ ಬೇಕಿಲ್ಲ.

"ವಾಸನೇನೇ ಇಲ್ಲ ಅಂದ್ರೆ ಅದೆಂಥ ಬಣ್ಣಾನೋ! ನೀರು ಬೆರೆಸಿದ ಹಾಲಿದ್ದ ಹಾಗಿದೆ," ಎಂದು ಗಂಡ ಗೊಣಗಿದ್ದರು.

ಬೇಡ ಎನ್ನಲು ಅವರಿಗೆ ಬಾಯಿತ್ತು, ಉಸಿರಿರಲಿಲ್ಲ. ಹಳೇ ಬಣ್ಣ ತೆಳುಮಾಡುವ ಥಿನ್ನರ್ ಡಬ್ಬ ತೆರೆದರೆ ಸಾಕು, ಕೆಮ್ಮಿ ಕೆಮ್ಮಿ ಕೂತುಬಿಡುತ್ತಿದ್ದರು. ಇನ್ನು ಆ ಗಾಳಿ ಕುಡಿದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಕಡೆಗೆ ಗಂಡ ಎಲ್ಲರೆದುರು ತಮ್ಮನ ಜೊತೆ ಪಂದ್ಯ ಕಟ್ಟಿದರು. ಎರಡೂ ತಗಡಿನ ಮೇಲೆ ಮೊಳೆಯಿಂದ, ಕಬ್ಬಿಣ ಕಾಣುವಷ್ಟು ಆಳಕ್ಕೆ ಗೀರು ಎಳೆದು ದಿನಾ ಉಪ್ಪುನೀರು ಎರಚುವುದು. ತಮ್ಮನ ಬಣ್ಣ ತಾಳಿದರೆ ಅದೇ. ತಾಳದಿದ್ದರೆ, "ನಾನು ಸಾಯೋ ತನಕ ಹಳೇ ಡಬ್ಬಾನೇ. ಯಾರೂ ತುಟಿ ಪಿಟಕ್ ಅನ್ನಬಾರದು!"

ಹಳೆಯದರ ಗೀರು ವಾರದೊಳಗೆ ತುಕ್ಕು ಹಿಡಿದು ಕಂದುಬಣ್ಣಕ್ಕೆ ತಿರುಗಿತು. ಹೊಸದರ ಗೀರು ಮಾತ್ರ ಫಳಫಳ. ತಮ್ಮ ಕುಣಿದಾಡಿದ. ನನಗೆ ಖುಷಿಯಾಗಬೇಕಿತ್ತು, ಅನುಮಾನ ಬಂತು. ನನ್ನ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! ಬಣ್ಣ ಎಷ್ಟೇ ಒಳ್ಳೆಯದಿರಲಿ, ಗೀರಿದ ಜಾಗದಲ್ಲಿ ಇರುವುದು ಬರೀ ಕಬ್ಬಿಣ. ಅಲ್ಲಿ ತುಕ್ಕು ಹಿಡಿಯಲೇಬೇಕು. ಅದು ಪಕ್ಕದ ಬಣ್ಣದಡಿಗೆ ನುಗ್ಗುತ್ತದೋ ಇಲ್ಲವೋ ಎನ್ನುವುದೇ ಪರೀಕ್ಷೆ. ಬೆರಳಾಡಿಸಿ ನೋಡಿದೆ. ಜಿಡ್ಡು. ತುಕ್ಕು ಹಿಡಿಯದಂತೆ ಯಾರೋ ಎಣ್ಣೆ ಸವರುತ್ತಿದ್ದರು.

ತಮ್ಮನನ್ನೇ ಹಿಡಿದೆ. "ಲೋ, ತಗಡಿಗೆ ಏನೋ ಮಾಡ್ತಿದ್ದೀಯಾ?"

"ಅಯ್ಯೋ ಅಕ್ಕಾ, ನಿನ್ನಾಣೆ ನಾನು ಮುಟ್ಟೇ ಇಲ್ಲ!" ಅವನ ಕಿವಿ ಕೆಂಪಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದುಕೊಂಡೆ. ಒಡಹುಟ್ಟಿದವನೇ ಹೀಗೆ ಮಾಡಿದರೆ ಯಾರನ್ನು ನಂಬುವುದು? ಮೈಯೆಲ್ಲ ಉರಿಯಿತು.

ಮಾರನೇ ದಿನ ಊಟವಾದ ಮೇಲೆ, "ತರಕಾರಿ ತರ್ತೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟೆ. ಹಿಂಬಾಗಿಲಿಂದ ಒಳಬಂದು, ಒರಗಿಸಿಟ್ಟ ಗೇಟುಗಳ ಹಿಂದೆ ಅಡಗಿ ನಿಂತೆ. ಹೆಜ್ಜೆ ಸಪ್ಪಳವಾಯಿತು. ಹಿಂದೆಯೇ ಒಂದು ಕೆಮ್ಮು. ಆ ಕೆಮ್ಮು ನನಗೆ ಗೊತ್ತಿಲ್ಲದ್ದೇ? ಎಣ್ಣೆಬಟ್ಟೆ ಹಿಡಿದು ಹೊಸ ಬಣ್ಣದ ತಗಡನ್ನು ಒರೆಸುತ್ತಿದ್ದವರು ನಮ್ಮ ಯಜಮಾನರು!

"ರೀ! ನಿಮ್ಮ ತಗಡು ಅದಲ್ಲ, ಈ ಕಡೇದು."

ಬೆಚ್ಚಿಬಿದ್ದರು. ಬಟ್ಟೆ ಬೆನ್ನ ಹಿಂದೆ ಹೋಯಿತು.

"ಗೊತ್ತು ಕಣೇ," ಎಂದರು ಸಣ್ಣ ದನಿಯಲ್ಲಿ. "ಎಲ್ಲರೆದುರು ಜಂಬ ಕೊಚ್ಚಿಬಿಟ್ಟೆ. ಇದು ಸೋತ್ರೆ ಮತ್ತೆ ಆ ಡಬ್ಬಾನೇ ಹಿಡೀಬೇಕಲ್ಲ. ನನ್ನ ಕೈಲಾಗಲ್ಲ. ಭಯ ಆಗುತ್ತೆ."

ಸದಾ ಮೂಗಿನ ತುದಿಯಲ್ಲಿರುವ ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಾಪ, ತಮ್ಮನನ್ನು ಸುಮ್ಮನೆ ಅನುಮಾನಿಸಿದೆನಲ್ಲ ಎಂದೂ ಅನಿಸಿತು. ಬಟ್ಟೆ ಕಿತ್ತುಕೊಂಡು, ತಗಡಿಗೆ ಸೋಪು ಹಾಕಿ ಗಸಗಸ ತಿಕ್ಕಿ ತೊಳೆದೆ.

"ಈಗ ಇದು ಸೋತ್ರೆ?" ಎಂದರು.

"ಸೋತ್ರೆ ಬೇರೆ ಬಣ್ಣ ಹುಡುಕೋಣ ರೀ. ನಿಮ್ಮನ್ನ ಎಲ್ಲಿ ಅಂತ ಹುಡುಕಲಿ?"

ಅವರು ಹಳೇ ಡಬ್ಬದ ಮುಚ್ಚಳವನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡಿ ಹೊರಗಿಟ್ಟರು. ಆಮೇಲೆ ಉಪ್ಪುನೀರಿನ ಚೊಂಬು ತಂದು ಎರಡೂ ತಗಡಿಗೆ ಒಂದೇ ಸಮ ಎರಚಿದರು.