ಮೂರನೇ ಸಾಲು, ಎರಡನೇ ಕಲ್ಲು

ಹೊಸ ಪಾಸ್ಟರ್ ಅಶೋಕಕುಮಾರರಲ್ಲಿ ಒಂದು ಕೊರತೆಯಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಎಷ್ಟು ನೋಡಿದರೂ ಮುಖಗಳು ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಓದುವ ಕಾಲದಲ್ಲಿ ಒಮ್ಮೆ ಪ್ರಿನ್ಸಿಪಾಲರ ಹೆಂಡತಿಯನ್ನು ಹಾಲಿನವಳೆಂದು ತಿಳಿದು ಅರ್ಧ ಲೀಟರ್ ಕೇಳಿದ್ದರು. ಅಂಥವರನ್ನು ಕೊಳ್ಳೇಗಾಲದ ಕಡೆಯಿಂದ ಎತ್ತಿ ಶಹಾಬಾದಿನ ಸಭೆಗೆ ತಂದು ಹಾಕಿದ್ದರು.

ಬಂದ ದಿನವೇ ಸಭೆಯ ಹಿರಿಯ ರೇವಣಪ್ಪ ಮನೆಯ ಬೀಗದಕೈಯ ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು.

"ಹಿಂದಿನ ಪಾಸ್ಟರ್ ಎಂಟು ತಿಂಗಳು ಇದ್ರು. ಎಲ್ಲಾರಿಗೂ ಏನಮ್ಮಾ, ಏನಪ್ಪಾ ಅಂತಿದ್ರು. ಒಬ್ರ ಹೆಸರೂ ಕಲೀಲಿಲ್ಲ. ಹೋಗೋ ದಿನ ಅವರ ಟ್ರಂಕ್ ಎತ್ತಲಿಕ್ಕ ಸ್ಟೇಷನ್‌ಗೆ ಒಂದು ನರಪಿಳ್ಳೆ ಬರ್ಲಿಲ್ಲ ನೋಡ್ರಿ."

ಪಾಸ್ಟರ್ ತಮ್ಮ ಟ್ರಂಕಿನ ಕಡೆ ನೋಡಿದರು. ಭಾರವಾಗಿಯೇ ಇತ್ತು.

ಮೊದಲ ರವಿವಾರ ದೇವರೇ ದಾರಿ ತೋರಿಸಿದಂತಾಯಿತು. ಚರ್ಚಿನಲ್ಲಿ ಬೆಂಚುಗಳಿರಲಿಲ್ಲ, ಎಲ್ಲರೂ ನೆಲಕ್ಕೆ ಹಾಸಿದ ಫರಸಿ ಕಲ್ಲುಗಳ ಮೇಲೆ ಕೂರುತ್ತಿದ್ದರು. ತಡವಾಗಿ ಬಂದ ಹೆಂಗಸೊಬ್ಬಳು, ಎದುರಿಗೆ ಜಾಗ ಖಾಲಿಯಿದ್ದರೂ, ಹತ್ತು ಜನರ ಮೊಣಕಾಲು ದಾಟಿ ಹೋಗಿ ಒಂದು ನಿರ್ದಿಷ್ಟ ಕಲ್ಲಿನ ಮೇಲೆಯೇ ಕುಳಿತಳು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಇದೇನೆಂದು ವಿಚಾರಿಸಿದರು.

"ನಮ್ಮ ಅಜ್ಜಂದಿರು ಕಲ್ಲಿನ ಗಣಿನಾಗ ದುಡದವ್ರು," ಎಂದರು ರೇವಣಪ್ಪ. "ಚರ್ಚ್ ಕಟ್ಟುವಾಗ ಮನಿಗೊಂದು ಫರಸಿ ತಾವೇ ಕಡದು ತಂದು ಹಾಸ್ಯಾರ. ಆ ಕಲ್ಲಿನ ಮ್ಯಾಲ ಆ ಮನಿ ಹಿರೇರು. ಸಣ್ಣವರೆಲ್ಲ ಹಿಂದ ಜಮಖಾನಿ ಮ್ಯಾಲ."

"ಬೇರೆಯವರು ಬಂದು ಕೂತರೆ?"

"ಯಾಕ ಕುಂದರ್ತಾರ್ರಿ? ಮಂದಿ ತಾಟಿನಾಗ ನಾವು ಉಣ್ತೀವೇನು?"

ಆ ಮಧ್ಯಾಹ್ನವೇ ಪಾಸ್ಟರ್ ಒಂದು ಹಾಳೆಯ ಮೇಲೆ ನೆಲದ ನಕ್ಷೆ ಬರೆದರು. ಒಂದೊಂದು ಚೌಕಕ್ಕೆ ಒಂದೊಂದು ಹೆಸರು. ಮನೆಮನೆಗೆ ಹೋಗಿ ಬಂದಾಗಲೆಲ್ಲ ಹೆಸರಿನ ಕೆಳಗೆ ಒಂದೆರಡು ಮಾತು ಸೇರಿಸಿದರು. ನಕ್ಷೆ ಬೈಬಲ್ಲಿನೊಳಗೆ ಸೇರಿತು. ಮುಂದಿನ ರವಿವಾರ ವೇದಿಕೆಯಿಂದ, "ಅಂಬರೇಶಣ್ಣಾ, ಲಾರಿ ರಿಪೇರಿ ಆಯ್ತಾ? ಚಂದಮ್ಮನವರೇ, ಮಂಡಿ ನೋವು ಹೇಗಿದೆ?" ಎಂದು ಸಾಲುಸಾಲಾಗಿ ಕೇಳಿದರು. ಸಭೆ ಬೆರಗಾಯಿತು.

"ಇವರದು ತಲಿ ಅಲ್ಲ, ಕಂಪ್ಯೂಟರ್," ಎಂದ ಲಾರಿ ಡ್ರೈವರ್ ಅಂಬರೇಶ, ಮೀಸೆ ತೀಡುತ್ತಾ.

ಆದರೆ ಬಜಾರದಲ್ಲಿ ಫರಸಿಯ ಸಾಲುಗಳಿಲ್ಲವಲ್ಲ. ಒಂದು ಸಂಜೆ ಪಾಸ್ಟರ್ ತರಕಾರಿ ಆರಿಸುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಪಕ್ಕಕ್ಕೆ ಬಂದು, "ಪಾಸ್ಟರ್‌ರೀ, ಬದನೀಕಾಯಿ ತಗೊಳಾಕತ್ತೀರೇನು?" ಎಂದರು.

ಪಾಸ್ಟರ್ ಅಪರಿಚಿತರನ್ನು ನೋಡುವಂತೆ ನೋಡಿ, "ಹೌದಮ್ಮಾ," ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟರು.

ಮರುದಿನ ಬೆಳಿಗ್ಗೆ ರೇವಣಪ್ಪ ಓಡಿಬಂದರು. "ಏನ್ ಮಾಡಿದ್ರಿ ಪಾಸ್ಟರ್ ಸಾಬ್ರ? ಬಂದ ದಿನ ನಿಮಗ ರೊಟ್ಟಿ, ಪುಂಡಿಪಲ್ಯ ಮಾಡಿ ಕಳಿಸಿದಾಕಿ ಚಂದಮ್ಮ. ಕಲ್ಲಿನ ಮ್ಯಾಲ ಕುಂತಾಗ ಚಂದಮ್ಮನವರೇ ಅಂತಾರ, ಬಜಾರದಾಗ ಮಾರಿ ಗುರ್ತಿಲ್ಲೇನು ಅಂತ ಸಿಟ್ಟಾಗ್ಯಾಳ. ಈ ರವಿವಾರ ಒಂದು ಬಂದು, ಮುಂದ ಪ್ಯಾಸೆಂಜರ್ ರೈಲು ಗಾಡಿ ಹತ್ತಿ ಬಾಜೂ ಊರು ವಾಡಿ ಚರ್ಚಿಗೇ ಹೋಗ್ತಾಳಂತ. ಆಕಿ ಹೋದ್ರ ಹಿಂದ ನಾಕು ಮನಿ ಹೋಗ್ತಾವ."

ಪಾಸ್ಟರಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು: ರವಿವಾರದ ದೊಡ್ಡ ಪ್ರಾರ್ಥನೆಯನ್ನು ಚಂದಮ್ಮನವರಿಂದಲೇ ಮಾಡಿಸುವುದು. ಎಲ್ಲರೆದುರು ಗೌರವ ಕೊಟ್ಟರೆ ಸಿಟ್ಟು ಇಳಿಯದೆ ಎಲ್ಲಿಗೆ ಹೋದೀತು?

ಆದರೆ ಶನಿವಾರ ಸಭೆಯ ಸುನಿತಾಳ ಮಗಳ ಮದುವೆ ಅಲ್ಲೇ ನಡೆದಿತ್ತು. ಚರ್ಚಿನ ತುಂಬ ಹಾಸಿದ್ದ ಕೆಂಪು ಕಾರ್ಪೆಟ್ಟನ್ನು ರವಿವಾರ ಬೆಳಿಗ್ಗೆಯಾದರೂ ಯಾರೂ ಎತ್ತಿರಲಿಲ್ಲ. ಕಲ್ಲು ಕಾಣದ ಮೇಲೆ ಕಟ್ಟುಪಾಡು ಎಲ್ಲಿಯದು? ಒಬ್ಬರು ಫ್ಯಾನಿನ ಕೆಳಗೆ, ಒಬ್ಬರು ಬೀಗರ ಪಕ್ಕ, ಮನಸ್ಸಿಗೆ ಬಂದಲ್ಲಿ ಕುಳಿತರು. ಪಾಸ್ಟರ್ ಮಾತ್ರ ಎಂದಿನಂತೆ ಬೈಬಲ್ಲಿನೊಳಗಿನ ನಕ್ಷೆಯ ಮೇಲೆ ಕಣ್ಣಿಟ್ಟು ಸಾಲು ಎಣಿಸಿದರು. ಮೂರನೆಯದು. ಬಾಗಿಲ ಕಡೆಯಿಂದ ಎರಡನೆಯ ಜಾಗ. ಭಕ್ತಿಯಿಂದ ಕಣ್ಣು ಮುಚ್ಚಿ, ಆ ಕಡೆಗೆ ಕೈ ಚಾಚಿ, "ಚಂದಮ್ಮನವರೇ, ಎದ್ದು ಪ್ರಾರ್ಥನೆ ನಡೆಸಿಕೊಡಿ," ಎಂದರು.

ಆ ಕೈಯ ನೇರಕ್ಕೆ ಅಂಬರೇಶ ಕುಳಿತಿದ್ದ. ಅವನು ಹಿಂದೆ ಮುಂದೆ ನೋಡಿದ. ಪಾಸ್ಟರ ಕೈ ಅಲುಗಲಿಲ್ಲ. ದೇವರ ಸೇವಕರು ಕರೆದ ಮೇಲೆ ಇಲ್ಲವೆನ್ನುವುದು ಹೇಗೆ? ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಕರ್ತನೇ, ನಾನು ನಿನ್ನ ಮಗಳು ಚಂದಮ್ಮ. ನನ್ನ ಮಂಡಿ ನೋವು ನಿನಗ ಗೊತ್ತದ..."

ಮೊದಲು ಜಮಖಾನೆಯ ಮೇಲಿದ್ದ ಮಕ್ಕಳು ನಕ್ಕರು. ಆಮೇಲೆ ಇಡೀ ಚರ್ಚು ನಕ್ಕಿತು. ಪಾಸ್ಟರ್ ಕಣ್ಣು ತೆರೆದಾಗ ಎದುರಿಗೆ ಕೈಮುಗಿದು ನಿಂತಿತ್ತು ಆ ದಪ್ಪ ಮೀಸೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವರು ಬೈಬಲ್ಲಿನಿಂದ ನಕ್ಷೆ ತೆಗೆದು ಮೇಲೆತ್ತಿ ಹಿಡಿದರು. "ನನಗೆ ಮುಖ ನೆನಪಿರುವುದಿಲ್ಲ. ಚಿಕ್ಕಂದಿನಿಂದಲೂ ಹೀಗೇ. ನಿಮ್ಮ ಕಲ್ಲು ನೋಡಿ ನಿಮ್ಮ ಹೆಸರು ಹೇಳುತ್ತಿದ್ದೆ. ಕ್ಷಮಿಸಿ."

ನಗು ನಿಂತಿತು. ಕಿಟಕಿಯ ಪಕ್ಕದಿಂದ ಒಬ್ಬ ಮುದುಕಿ ಎದ್ದು, ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ವೇದಿಕೆಯವರೆಗೆ ಬಂದರು. ಕನ್ನಡಕ ಹಾಕಿಕೊಂಡು ಹಾಳೆಯನ್ನು ಇಸಿದುಕೊಂಡರು.

"ನಾನು ಎಲ್ಲಿದ್ದೀನಿ ಇದ್ರಾಗ?"

ಪಾಸ್ಟರ್ ಬೆರಳಿಟ್ಟು ತೋರಿಸಿದರು. ಚೌಕದೊಳಗೆ ಸಣ್ಣ ಅಕ್ಷರಗಳಿದ್ದವು. ಚಂದಮ್ಮ ಗಟ್ಟಿಯಾಗಿ ಓದಿದರು: "ಚಂದಮ್ಮ. ಮಂಡಿ ನೋವು. ಪುಂಡಿಪಲ್ಯ, ಇಂಥದ್ದು ಎಲ್ಲೂ ಉಂಡಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ."

ಓದಿ ಮುಗಿಸುವಷ್ಟರಲ್ಲಿ ಅವರ ಕೈ ತಾನಾಗಿ ಬಾಯಿಗೆ ಹೋಗಿತ್ತು. ಆದರೂ ಬಿಗಿ ಬಿಡಲಿಲ್ಲ. "ಇಷ್ಟೆಲ್ಲ ಬರಕೊಂಡು, ಬಜಾರದಾಗ ಹೌದಮ್ಮಾ ಅಂದ್ರಲ್ಲ! ನೋಡೋಣ್ರಿ," ಎಂದು ಹಾಳೆ ವಾಪಸು ಕೊಟ್ಟು ಹೋಗಿ ಕುಳಿತರು.

ಮುಂದಿನ ವಾರ ಪಾಸ್ಟರ್ ಬಜಾರಕ್ಕೆ ಹೋದರೆ ಬಜಾರವೇ ಬೇರೆಯಾಗಿತ್ತು. "ಮೊದಲನೇ ಸಾಲು, ನಾಕನೇ ಕಲ್ಲು, ಸುನಿತಾ. ನಮಸ್ಕಾರ್ರಿ!" ಎಂದು ಸೈಕಲ್ ಅಂಗಡಿಯ ಕಡೆಯಿಂದ ಕೂಗು ಬಂತು. "ಐದನೇ ಸಾಲು, ಅಂಬರೇಶ!" ಎಂದು ಲಾರಿಯೊಳಗಿಂದ ಇನ್ನೊಂದು. ಚಹಾದಂಗಡಿಯ ನಜಮುನ್ನೀಸಾ ಸುಮ್ಮನಿರುತ್ತಾಳೆಯೇ? "ನಂದು ಕಲ್ಲಿಲ್ರಿ ಪಾಸ್ಟರ್ ಸಾಬ್. ಆದ್ರ ಈ ಒಲಿ ಎಲ್ಲಿಗೂ ಹೋಗಂಗಿಲ್ಲ. ಒಲಿ ಹಿಂದ ಯಾರು ನಿಂತಾರೋ ಅವಳೇ ನಾನು."

ತರಕಾರಿ ಸಾಲಿನಲ್ಲಿ ಒಬ್ಬ ಮುದುಕಿ ಬದನೆಕಾಯಿ ಬುಟ್ಟಿಯ ಎದುರು ನಿಂತಿದ್ದರು. ಸಾಲೂ ಹೇಳಲಿಲ್ಲ, ಕಲ್ಲೂ ಹೇಳಲಿಲ್ಲ. ತುಟಿ ಬಿಗಿಹಿಡಿದು ಪಾಸ್ಟರನ್ನೇ ನೋಡುತ್ತಿದ್ದರು. ತರಕಾರಿಯವರೂ ತಕ್ಕಡಿ ಕೆಳಗಿಟ್ಟು ನೋಡತೊಡಗಿದರು. ಪಾಸ್ಟರ್ ಆ ಮುಖವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಏನೂ ಸಿಗಲಿಲ್ಲ. ಬೆವರು ಒರೆಸಿಕೊಳ್ಳಲು ಹೋಗಿ ಕೈಲಿದ್ದ ಕೊತ್ತಂಬರಿ ಕಟ್ಟಿನಿಂದಲೇ ಹಣೆ ಒರೆಸಿಕೊಂಡರು.

ಮುದುಕಿಯ ಕೈ ತಟ್ಟನೆ ಬಾಯಿಗೆ ಅಡ್ಡ ಬಂತು.

"ಚಂದಮ್ಮನವರೇ!" ಎಂದು ಪಾಸ್ಟರ್ ಇಡೀ ಸಾಲಿಗೆ ಕೇಳುವಂತೆ ಕೂಗಿದರು.

ಚಂದಮ್ಮ ನಗು ನುಂಗಿಕೊಂಡು, ನಾಲ್ಕು ಎಳೆ ಬದನೆಕಾಯಿ ಆರಿಸಿ ಅವರ ಚೀಲಕ್ಕೆ ಹಾಕಿದರು.

"ಮಸಾಲಿ ತುಂಬಿ ಮಾಡ್ಕೊಳ್ರಿ," ಎಂದರು. "ಮತ್ತ ಆ ವಾಡಿ ಗಾಡಿ ದಿನಾ ಲೇಟಂತ. ಅದನ್ನ ಯಾರು ಕಾಯ್ತಾರ್ರಿ?"